ಕಪ್ಪಗಿದ್ದರೆ ಸಾಕಾ? ಪೈಪಿನೊಳಗಿನ ಕಾರ್ಬನ್ ಬ್ಲ್ಯಾಕ್ ಮತ್ತು ಸ್ಟೆಬಿಲೈಸರ್‌ಗಳ ಲೆಕ್ಕ

ತೋಟದ ಡ್ರಿಪ್ ಪೈಪ್ ಕಪ್ಪು. ಜಲಜೀವನ್ ಮಿಷನ್‌ಗೆ ಊರೂರಲ್ಲಿ ಹೂತಿರುವ, ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದೇ ಒಂದು ಬಗೆಯಾದ ಎಚ್‌ಡಿಪಿಇ ಪೈಪ್ ಕಪ್ಪು. ಕೃಷಿ ಹೊಂಡಕ್ಕೆ ಹಾಸುವ ಶೀಟೂ ಎಷ್ಟೋ ಕಡೆ ಕಪ್ಪೇ. ಕಪ್ಪಗಿದ್ದರೆ ಬಿಸಿಲಿಗೆ ತಡೆಯುತ್ತದೆ ಎಂದು ಅಂಗಡಿಯವರೂ ಹೇಳುತ್ತಾರೆ, ರೈತರೂ ಹೇಳುತ್ತಾರೆ. ಈ ಮಾತು ನಿಜ. ಆದರೆ ಅರ್ಧ ನಿಜ. ಒಂದೇ ಬಣ್ಣ, ಒಂದೇ ದಪ್ಪ, ನೋಡಿದರೆ ಒಂದೇ ಹೊಳಪು ಇರುವ ಎರಡು ಪೈಪ್‌ಗಳಲ್ಲಿ ಒಂದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಕೆಲವೇ ಬೇಸಿಗೆಗೆ ಗಡುಸಾಗಿ, ಬಗ್ಗಿಸಿದ ಕಡೆ ಸೀಳು ಬಿಡುತ್ತದೆ. ಹೀಗಾದಾಗ ನಾವು "ಇದು ರೀಸೈಕಲ್ ಮಾಲು" ಎಂದು ಹೇಳಿ ಮುಗಿಸುತ್ತೇವೆ. ಎಷ್ಟೋ ಸಲ ಅದೇ ಕಾರಣವೂ ಇರುತ್ತದೆ. ಆದರೆ ಹೊಸ ಮಾಲಿನಲ್ಲೂ ಹೀಗೆ ಆಗಬಹುದು, ಅದಕ್ಕೆ ಇನ್ನೊಂದು ಕಾರಣವಿದೆ, ಅದರ ಬಗ್ಗೆ ನಮ್ಮಲ್ಲಿ ಮಾತು ತುಂಬಾ ಕಡಿಮೆ. ಪೈಪನ್ನು ಬಿಸಿಲಿನಿಂದ ಕಾಯುವ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿಯೇ, ಪೈಪನ್ನು ಕಾಯಲು ಹಾಕಿದ ಬೇರೆ ರಾಸಾಯನಿಕಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಕೆಲಸ ಮಾಡದಂತೆ ತಡೆಯಬಲ್ಲದು.

ಮೊದಲು ಪ್ಲಾಸ್ಟಿಕ್ ಹೇಗೆ ಹಾಳಾಗುತ್ತದೆ ಎಂದು ನೋಡೋಣ. ಪಾಲಿಎಥಿಲೀನ್ ಅಂದರೆ ಕಾರ್ಬನ್ ಮತ್ತು ಹೈಡ್ರೋಜನ್‌ನ ಉದ್ದುದ್ದ ಸರಪಳಿಗಳು. ಬಿಸಿಲಿನ ಯುವಿ ಕಿರಣವೋ, ಶಾಖವೋ ಈ ಸರಪಳಿಯ ಎಲ್ಲೋ ಒಂದು ಕಡೆ ಬಂಧವನ್ನು ಮುರಿಯುತ್ತದೆ. ಮುರಿದ ತುದಿಗೆ ರ‍್ಯಾಡಿಕಲ್ ಅನ್ನುತ್ತಾರೆ. ಅದು ಸುಮ್ನೆ ಇರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹಿಡಿದು ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ, ಪಕ್ಕದ ಸರಪಳಿಯಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ಹೈಡ್ರೋಪೆರಾಕ್ಸೈಡ್ ಆಗುತ್ತದೆ, ಆ ಹೈಡ್ರೋಪೆರಾಕ್ಸೈಡ್ ಮತ್ತೆ ಒಡೆದು ಇನ್ನೆರಡು ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಹೀಗೆ ಒಂದರಿಂದ ಎರಡು, ಎರಡರಿಂದ ನಾಲ್ಕು. ಸರಪಳಿಗಳು ತುಂಡಾಗುತ್ತಾ ಹೋದಂತೆ ಪೈಪ್ ತನ್ನ ಬಾಗುವ ಗುಣ ಕಳೆದುಕೊಳ್ಳುತ್ತದೆ.

ಇದನ್ನು ತಡೆಯಲು ತಯಾರಕರು ಹಲವು ಬಗೆಯ ಸ್ಟೆಬಿಲೈಸರ್ ಹಾಕುತ್ತಾರೆ. ಫೀನಾಲ್ ಜಾತಿಯ ಆಂಟಿಆಕ್ಸಿಡೆಂಟ್ ತನ್ನದೇ ಹೈಡ್ರೋಜನ್ ಕೊಟ್ಟು ರ‍್ಯಾಡಿಕಲ್‌ನ ಓಟ ನಿಲ್ಲಿಸುತ್ತದೆ. ಫಾಸ್ಫೈಟ್ ಮತ್ತು ಗಂಧಕ ಇರುವ ಆಂಟಿಆಕ್ಸಿಡೆಂಟ್‌ಗಳು ಹೈಡ್ರೋಪೆರಾಕ್ಸೈಡನ್ನು ಅಪಾಯವಿಲ್ಲದ ಹಾಗೆ ಒಡೆಯುತ್ತವೆ. 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಹಾಲ್ಸ್ ಎಂಬ ಅಮೈನ್ ಜಾತಿಯ ಸ್ಟೆಬಿಲೈಸರ್‌ಗಳು ರ‍್ಯಾಡಿಕಲ್ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಾ ವರ್ಷಗಟ್ಟಲೆ ಕೆಲಸ ಮಾಡುತ್ತವೆ. ಇವೆಲ್ಲದರ ಜೊತೆಗೆ ಕಾರ್ಬನ್ ಬ್ಲ್ಯಾಕ್. ಅದು ಯುವಿ ಕಿರಣವನ್ನು ತಾನೇ ನುಂಗಿಬಿಡುತ್ತದೆ. ಅಷ್ಟೇ ಅಲ್ಲ, ಅದರ ಮೈಮೇಲಿರುವ ಕ್ವಿನೋನ್‌ನಂಥ ಗುಂಪುಗಳು ಕೆಲವು ರ‍್ಯಾಡಿಕಲ್‌ಗಳನ್ನು ತಾವೇ ಹಿಡಿದು ಹಾಕುತ್ತವೆ.

ಮೇಲುನೋಟಕ್ಕೆ ಎಲ್ಲವೂ ಚೆನ್ನಾಗಿದೆ, ಅಲ್ವಾ? ಬಿಸಿಲಿಗೆ ಒಂದು, ಶಾಖಕ್ಕೆ ಒಂದು, ಎಲ್ಲಾ ಸೇರಿದರೆ ಪೈಪ್ ಗಟ್ಟಿ. ತೊಂದರೆ ಇರುವುದು ಈ ಪುಡಿಯ ಮೈಯಲ್ಲಿ.

ಕಾರ್ಬನ್ ಬ್ಲ್ಯಾಕ್ ಅಂದರೆ ಒಲೆಯ ಮಸಿ ಅಲ್ಲ. ಕಾರ್ಖಾನೆಯಲ್ಲಿ ಭಾರವಾದ ಪೆಟ್ರೋಲಿಯಂ ಎಣ್ಣೆಯನ್ನು ಸಾಕಷ್ಟು ಗಾಳಿ ಸಿಗದ ಹಾಗೆ, ತುಂಬಾ ಬಿಸಿಯಲ್ಲಿ ಅರೆಬರೆ ಸುಟ್ಟು ಮಾಡುವ ಪುಡಿ. ಜಗತ್ತಿನಲ್ಲಿ ತಯಾರಾಗುವ ಇದರ ಬಹುಪಾಲು ಟೈರ್ ಮತ್ತು ರಬ್ಬರಿಗೆ ಹೋಗುತ್ತದೆ, ಉಳಿದ ಸ್ವಲ್ಪ ಪ್ಲಾಸ್ಟಿಕ್, ಇಂಕ್, ಪೇಂಟ್‌ಗೆ. ಪೈಪಿಗೆ ಹಾಕುವ ಕಪ್ಪಿನ ಮೂಲ ಕಣ ಸುಮಾರು 10ರಿಂದ 25 ನ್ಯಾನೋಮೀಟರ್. ಕಣ ಸಣ್ಣದಾದಷ್ಟೂ ಯುವಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಕಣ ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ. ಈ ಗಾತ್ರದ ಒಂದು ಗ್ರಾಂ ಪುಡಿಗೆ ಸುಮಾರು 100 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮೇಲ್ಮೈ ಇರುತ್ತದೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ, ಯಾಕೆಂದರೆ ಇಡೀ ವಿಷಯ ಈ ಲೆಕ್ಕದಲ್ಲೇ ಇದೆ. ಭಾರತೀಯ ಮಾನದಂಡ ಐಎಸ್ 4984 ನೀರಿನ ಪಾಲಿಎಥಿಲೀನ್ ಪೈಪಿನಲ್ಲಿ 2.5 ಶೇಕಡಾ ಕಾರ್ಬನ್ ಬ್ಲ್ಯಾಕ್ ಇರಬೇಕು ಎನ್ನುತ್ತದೆ, ಅರ್ಧ ಶೇಕಡಾ ಆಚೆ ಈಚೆ. ಅಂದರೆ ಒಂದು ಕೆಜಿ ಪೈಪಿನಲ್ಲಿ 25 ಗ್ರಾಂ. ಗ್ರಾಂಗೆ 100 ಚದರ ಮೀಟರ್ ಎಂದುಕೊಂಡರೂ ಒಟ್ಟು 2,500 ಚದರ ಮೀಟರ್. ನಮ್ಮ ಅಳತೆಯಲ್ಲಿ ಸುಮಾರು 25 ಗುಂಟೆ! ಒಂದು ಕೆಜಿ ಪೈಪಿನೊಳಗೆ ಅರ್ಧ ಎಕರೆಗಿಂತ ಜಾಸ್ತಿ ಕಾರ್ಬನ್ ಮೇಲ್ಮೈ ಅಡಗಿದೆ. ಅದೇ ಪೈಪಿನಲ್ಲಿ ಆಂಟಿಆಕ್ಸಿಡೆಂಟ್ ಎಷ್ಟಿರುತ್ತದೆ? ಸಾಮಾನ್ಯವಾಗಿ ಕೆಜಿಗೆ ಒಂದೆರಡು ಗ್ರಾಂ. ಈ ಎರಡು ಗ್ರಾಂನ ಅಣುಗಳನ್ನೆಲ್ಲಾ ಒಂದರ ಪಕ್ಕ ಒಂದು ಒಂದೇ ಪದರವಾಗಿ ಹಾಸಿದರೆ, ಅಣುವಿನ ಗಾತ್ರ ನೋಡಿಕೊಂಡು, ಸುಮಾರು ಒಂದರಿಂದ ಎರಡೂವರೆ ಸಾವಿರ ಚದರ ಮೀಟರ್ ಮುಚ್ಚಬಹುದು. ಅಂದರೆ ಹಾಕಿದ ಅಷ್ಟೂ ಸ್ಟೆಬಿಲೈಸರನ್ನು ತನ್ನ ಮೇಲೆ ಕೂರಿಸಿಕೊಳ್ಳುವಷ್ಟು ಜಾಗ ಕಾರ್ಬನ್‌ಗೆ ಇದೆ. ಎಲ್ಲಾ ಅಣುವೂ ಹೋಗಿ ಅಂಟುವುದಿಲ್ಲ, ನಿಜ. ಪಾಲಿಮರ್, ಅಂದರೆ ಪಾಲಿಎಥಿಲೀನ್ ಸರಪಳಿ ಕೂಡ ಆ ಜಾಗಕ್ಕೆ ಪೈಪೋಟಿ ಕೊಡುತ್ತದೆ, ಬಿಸಿಯಾದಾಗ ಅಂಟಿದ್ದು ಬಿಡುವುದೂ ಉಂಟು. ಆದರೆ ಜಾಗದ ಕೊರತೆಯಂತೂ ಇಲ್ಲ. ಅಂಟಿಕೊಂಡ ಸ್ಟೆಬಿಲೈಸರ್ ಪೈಪಿನಲ್ಲಿ ಇದ್ದೂ ಇಲ್ಲದ ಲೆಕ್ಕ. ರ‍್ಯಾಡಿಕಲ್ ಹುಟ್ಟುವ ಕಡೆಗೆ ಅದು ಚಲಿಸಿ ಹೋಗಬೇಕು, ಹೋಗಲು ಆಗುವುದಿಲ್ಲ. ಕಾವಲಿಗೆ ಇಟ್ಟವನನ್ನು ಕಂಬಕ್ಕೆ ಕಟ್ಟಿ ಹಾಕಿದ ಹಾಗೆ.

ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವುದು ಪುಡಿಯ ಮೈಮೇಲೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಕಾರ್ಬನ್ ಬ್ಲ್ಯಾಕ್ ಶುದ್ಧ ಕಾರ್ಬನ್ ಅಲ್ಲ. ಕಣದ ಅಂಚುಗಳಲ್ಲಿ ಆಮ್ಲಜನಕದ ಗುಂಪುಗಳಿರುತ್ತವೆ: ಕಾರ್ಬಾಕ್ಸಿಲ್, ಫೀನಾಲ್, ಲ್ಯಾಕ್ಟೋನ್, ಕ್ವಿನೋನ್. ಹಳೆಯ ಚಾನೆಲ್ ವಿಧಾನದಲ್ಲಿ ಮಾಡಿದ ಪುಡಿಯ ಮೈ ಹುಳಿ, ಅಂದರೆ ಆಮ್ಲದ ಗುಣದ್ದು. ಈಗ ಹೆಚ್ಚಾಗಿ ಸಿಗುವ ಫರ್ನೇಸ್ ಬ್ಲ್ಯಾಕ್ ಸಾಮಾನ್ಯವಾಗಿ ಸ್ವಲ್ಪ ಕ್ಷಾರದ ಕಡೆ. ಆದರೆ ಚೆನ್ನಾಗಿ ಬೆರೆಯಲಿ, ಹೊಳಪು ಬರಲಿ ಎಂದು ಕೆಲವು ಪುಡಿಗಳ ಮೈಯನ್ನು ಬೇಕೆಂದೇ ಆಕ್ಸಿಡೈಸ್ ಮಾಡುತ್ತಾರೆ, ಆಗ ಅದು ಮತ್ತೆ ಆಮ್ಲವಾಗುತ್ತದೆ. ಹಾಲ್ಸ್ ಎಂಬುದು ಅಮೈನ್, ಕ್ಷಾರ ಗುಣದ್ದು. ಆಮ್ಲದ ಮೈ, ಕ್ಷಾರದ ಅಣು, ಎರಡೂ ಸೇರಿದರೆ ಏನಾಗುತ್ತದೆ ಎಂದು ಹೈಸ್ಕೂಲ್ ರಸಾಯನಶಾಸ್ತ್ರ ಓದಿದವರು ಹೇಳಬಲ್ಲರು: ಉಪ್ಪಿನಂತೆ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಫೀನಾಲ್ ಆಂಟಿಆಕ್ಸಿಡೆಂಟ್‌ಗಳು ಇಷ್ಟು ಬಿಗಿಯಾಗಿ ಅಲ್ಲದಿದ್ದರೂ ಹೈಡ್ರೋಜನ್ ಬಂಧದಿಂದ ಅಂಟುತ್ತವೆ. ದೊಡ್ಡ ಅಣುಗಳ ವಿಷಯ ಇನ್ನೂ ಸೂಕ್ಷ್ಮ. ಅವುಗಳಿಗೆ ಹಲವು ಕೈಗಳಿರುವುದರಿಂದ ಒಮ್ಮೆ ಅಂಟಿದರೆ ಬಿಡುವುದು ಕಷ್ಟ. ಆದರೆ ಗಾತ್ರ ದೊಡ್ಡದು, ಹಾಗಾಗಿ ಕಾರ್ಬನ್ನಿನ ಸಣ್ಣ ರಂಧ್ರಗಳೊಳಗೆ ನುಗ್ಗಲಾರವು.

ಇದೆಲ್ಲಾ ಹೊಸ ವಿಷಯವೇನಲ್ಲ. ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಟೆಲಿಫೋನ್ ಕೇಬಲ್ ಮೇಲಿನ ಸೀಸದ ಹೊದಿಕೆ ತೆಗೆದು ಪಾಲಿಎಥಿಲೀನ್ ಹಾಕುವ ಕೆಲಸ ಎರಡನೇ ಮಹಾಯುದ್ಧದ ನಂತರ ಜೋರಾಗಿ ನಡೆಯಿತು. ಬಿಸಿಲು ಮಳೆಯಲ್ಲಿ ದಶಕಗಳ ಕಾಲ ಕಂಬದ ಮೇಲೆ ನೇತಾಡಬೇಕಾದ ಕೇಬಲ್ ಅದು. ಆ ಕೆಲಸದ ಮುಂಚೂಣಿಯಲ್ಲಿದ್ದವರು ವಾಲ್ಟರ್ ಲಿಂಕನ್ ಹಾಕಿನ್ಸ್. 1942ರಲ್ಲಿ ಸೇರಿದ ಇವರು ಬೆಲ್ ಲ್ಯಾಬ್ಸ್‌ನ ತಾಂತ್ರಿಕ ಸಿಬ್ಬಂದಿಯಲ್ಲಿ ಮೊದಲ ಆಫ್ರಿಕನ್ ಅಮೆರಿಕನ್. ಮುಂದೆ 1992ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪಡೆದರು. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಆದರೆ ಕಪ್ಪು ಪ್ಲಾಸ್ಟಿಕ್ ಬಾಳುವುದು ಹೇಗೆ ಎಂದು ಜಗತ್ತಿಗೆ ಸರಿಯಾಗಿ ತಿಳಿಸಿದ್ದರಲ್ಲಿ ಇವರ ಪಾಲು ತುಂಬಾ ದೊಡ್ಡದು.

1959ರಲ್ಲಿ ಹಾಕಿನ್ಸ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಕೆಲಸದಲ್ಲಿ ಒಂದು ಕಸಿವಿಸಿಯ ಸಂಗತಿ ಇತ್ತು. ಕಪ್ಪಿಲ್ಲದ ಪಾಲಿಎಥಿಲೀನ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವ ಎಷ್ಟೋ ಫೀನಾಲ್ ಮತ್ತು ಅಮೈನ್ ಆಂಟಿಆಕ್ಸಿಡೆಂಟ್‌ಗಳು ಕಾರ್ಬನ್ ಬ್ಲ್ಯಾಕ್ ಸೇರಿದ ಕೂಡಲೇ ಬಲ ಕಳೆದುಕೊಳ್ಳುತ್ತಿದ್ದವು. ಒಂದು ಕಾರಣ ಮೈಗೆ ಅಂಟುವುದು. ಇನ್ನೊಂದು, ಕಾರ್ಬನ್ ಮೈಮೇಲೆ ಆಂಟಿಆಕ್ಸಿಡೆಂಟ್ ನೇರವಾಗಿ ಆಮ್ಲಜನಕದ ಜೊತೆ ಸೇರಿ ಸುಮ್ಮನೆ ಖರ್ಚಾಗಿಹೋಗುವುದು. ಆದರೆ ಗಂಧಕ ಇರುವ ಕೆಲವು ಸಂಯುಕ್ತಗಳಲ್ಲಿ ಇದಕ್ಕೆ ಪೂರ್ತಿ ತಿರುವುಮುರುವು ಫಲಿತಾಂಶ ಬಂತು. ಒಂಟಿಯಾಗಿ ಹಾಕಿದರೆ ಅಷ್ಟಕ್ಕಷ್ಟೇ ಇದ್ದ ಪದಾರ್ಥ ಕಾರ್ಬನ್ ಬ್ಲ್ಯಾಕ್ ಜೊತೆ ಸೇರಿದಾಗ ಬಹಳ ಒಳ್ಳೆಯ ಕಾವಲಾಯಿತು. ಹಾಗಾಗಿ ಥಯೋಬಿಸ್‌ಫೀನಾಲ್ ಜಾತಿಯ ಆಂಟಿಆಕ್ಸಿಡೆಂಟ್‌ಗಳು ಕಪ್ಪು ಕೇಬಲ್ ಹೊದಿಕೆಯಲ್ಲಿ ನೆಲೆಯೂರಿದವು. ನನಗೆ ಈ ಕೆಲಸದಲ್ಲಿ ಅತಿ ಮುಖ್ಯ ಅನಿಸುವುದು ಇದೇ: ಒಂದೇ ಮೇಲ್ಮೈ ಒಬ್ಬರಿಗೆ ಶತ್ರು, ಇನ್ನೊಬ್ಬರಿಗೆ ಮಿತ್ರ. "ಕಾರ್ಬನ್ ಬ್ಲ್ಯಾಕ್ ಒಳ್ಳೆಯದಾ ಕೆಟ್ಟದ್ದಾ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕಪ್ಪು, ಯಾವ ಸ್ಟೆಬಿಲೈಸರ್ ಜೊತೆ ಎಂದು ಕೇಳಬೇಕು.

ಮುಂದೆ 2000ದ ಆಸುಪಾಸಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಆಲೆನ್ ಮತ್ತು ಮಿಷೆಲ್ ಎಡ್ಜ್ ಅವರ ತಂಡ ಇದನ್ನು ಇನ್ನಷ್ಟು ಆಳಕ್ಕೆ ಇಳಿದು ನೋಡಿತು. ಅವರು ಬಳಸಿದ ಉಪಾಯಗಳಲ್ಲಿ ಒಂದು ಫ್ಲೋ ಮೈಕ್ರೋಕ್ಯಾಲೊರಿಮೆಟ್ರಿ. ಕಾರ್ಬನ್ ಪುಡಿಯ ಮೇಲೆ ಸ್ಟೆಬಿಲೈಸರ್ ಕರಗಿಸಿದ ದ್ರಾವಣ ಹರಿಸುವುದು, ಅಂಟುವಾಗ ಎಷ್ಟು ಶಾಖ ಹೊರಬರುತ್ತದೆ ಎಂದು ಅಳೆಯುವುದು. ಆಮೇಲೆ ಬರೀ ದ್ರಾವಕ ಹರಿಸಿ, ಎಷ್ಟು ಕಳಚಿಕೊಂಡು ಬಂತು ಎಂದು ನೋಡುವುದು. ಸುಲಭವಾಗಿ ತೊಳೆದುಹೋದರೆ ಅದು ಬರೀ ತಾಗಿ ಕೂತಿತ್ತು ಎಂದರ್ಥ. ಹೋಗದಿದ್ದರೆ ಗಟ್ಟಿ ಬಂಧ. ಕೆಲವು ಜೋಡಿಗಳು ಒಂದಕ್ಕೊಂದು ಬಲ ಕೊಡುತ್ತವೆ, ಕೆಲವು ಒಂದನ್ನೊಂದು ಕುಗ್ಗಿಸುತ್ತವೆ, ಮತ್ತು ಪುಡಿಯ ಕಣದ ಗಾತ್ರ, ಮೈಯ ಆಮ್ಲಜನಕ ಗುಂಪುಗಳು ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಅಂಟಿಕೊಳ್ಳುವುದರಿಂದ ಲಾಭವೂ ಇದೆ ಎಂಬುದನ್ನು ಮರೆಯಬಾರದು. ಸಡಿಲವಾಗಿ ಅಂಟಿದ ಸ್ಟೆಬಿಲೈಸರ್ ಬೇಗ ಆವಿಯಾಗುವುದಿಲ್ಲ, ನೀರಿಗೆ ತೊಳೆದು ಹೋಗುವುದಿಲ್ಲ, ನಿಧಾನವಾಗಿ ಬಿಡುಗಡೆಯಾಗುತ್ತದೆ. ಬೇಕಾಗಿರುವುದು ಈ ಸಡಿಲ ಹಿಡಿತ. ಅದನ್ನು ಸಾಧಿಸುವುದೇ ಫಾರ್ಮುಲೇಷನ್ ಮಾಡುವವರ, ಅಂದರೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ತೀರ್ಮಾನಿಸುವವರ ಕಸುಬು.

ಈ ಕಸುಬಿನಲ್ಲಿ ಒಂದು ಗಂಟು ನೋಡಿ. ಕಪ್ಪಿನ ಜೊತೆ ಗಂಧಕದ ಆಂಟಿಆಕ್ಸಿಡೆಂಟ್ ಚೆನ್ನಾಗಿ ಹೊಂದುತ್ತದೆ ಅಂದೆನಲ್ಲ. ಸರಿ, ಅದನ್ನೇ ಹಾಕಿ, ಜೊತೆಗೆ ಬಿಸಿಲಿಗೆಂದು ಹಾಲ್ಸ್ ಕೂಡ ಹಾಕೋಣ ಎಂದು ಹೊರಟರೆ, ಗಂಧಕದ ಸಂಯುಕ್ತ ಕೆಲಸ ಮಾಡುತ್ತಾ ಆಮ್ಲವನ್ನು ಹುಟ್ಟಿಸುತ್ತದೆ, ಆ ಆಮ್ಲ ಹಾಲ್ಸನ್ನು ಉಪ್ಪಾಗಿಸಿ ಕೂರಿಸುತ್ತದೆ. ಗಂಧಕದ ಕೀಟನಾಶಕ, ಶಿಲೀಂಧ್ರನಾಶಕ ಹೊಡೆಯುವ ತೋಟಗಳಲ್ಲಿ ಪಾಲಿಹೌಸ್ ಶೀಟು ಬೇಗ ಹರಿಯುವುದಕ್ಕೂ ಇದೇ ಬಗೆಯ ಕಾರಣ. ಅದಕ್ಕೇ ಕೃಷಿ ಫಿಲ್ಮ್‌ಗಳಿಗೆ ಕ್ಷಾರ ಗುಣ ಕಡಿಮೆ ಇರುವ ಬೇರೆ ಜಾತಿಯ ಹಾಲ್ಸ್ ಬಂದಿವೆ. ಅವು ದುಬಾರಿ.

ಬೆರೆಸುವ ರೀತಿಯೂ ಇಷ್ಟೇ ಮುಖ್ಯ. ಪೈಪ್ ಕಾರ್ಖಾನೆಗೆ ಕಾರ್ಬನ್ ಬ್ಲ್ಯಾಕ್ ಪುಡಿಯಾಗಿ ಬರುವುದು ಅಪರೂಪ. ಮಾಸ್ಟರ್‌ಬ್ಯಾಚ್ ಎಂಬ ಗುಳಿಗೆಯಾಗಿ ಬರುತ್ತದೆ, ಅದರಲ್ಲಿ ಕಪ್ಪಿನ ಪ್ರಮಾಣ ತುಂಬಾ ಹೆಚ್ಚು. ಸ್ಟೆಬಿಲೈಸರನ್ನೂ ಅದೇ ಗುಳಿಗೆಯಲ್ಲಿ ಸೇರಿಸಿದರೆ ಅದು ಪಾಲಿಮರಿಗಿಂತ ಮೊದಲು ಕಾರ್ಬನ್ನಿನ ಕೈಗೆ ಸಿಗುತ್ತದೆ. ಬೇರೆ ಬೇರೆ ಗುಳಿಗೆಯಲ್ಲಿ ಹಾಕಿ ಕೊನೆಯಲ್ಲಿ ಸೇರಿಸಿದರೆ ಅಂಟುವ ಪ್ರಮಾಣ ಕಡಿಮೆ. ಇನ್ನೊಂದು ವಿಷಯ ತೇವ. ಸಣ್ಣ ಕಣದ ಕಪ್ಪು ಗಾಳಿಯಿಂದ ತೇವ ಹೀರುತ್ತದೆ. ಮಳೆಗಾಲದಲ್ಲಿ ಚೀಲ ಬಾಯಿ ತೆರೆದಿಟ್ಟರೆ ಆ ತೇವ ಪ್ಲಾಸ್ಟಿಕ್ ಕರಗಿಸಿ ಪೈಪ್ ಎಳೆಯುವ ಎಕ್ಸ್‌ಟ್ರೂಡರ್ ಒಳಗೆ ಹೋಗಿ ಫಾಸ್ಫೈಟ್ ಸ್ಟೆಬಿಲೈಸರನ್ನು ಒಡೆಯಬಲ್ಲದು, ಪೈಪಿನಲ್ಲಿ ಗುಳ್ಳೆ ಬರಿಸಬಲ್ಲದು. ಕಣಗಳು ಸರಿಯಾಗಿ ಹರಡದೆ ಗಂಟಾಗಿ ಉಳಿದರಂತೂ ಎರಡು ಕಡೆ ನಷ್ಟ: ಗಂಟಿನ ಜಾಗದಲ್ಲಿ ಬಿರುಕು ಶುರುವಾಗುತ್ತದೆ, ಗಂಟಿಲ್ಲದ ಜಾಗಕ್ಕೆ ಬಿಸಿಲು ನುಗ್ಗುತ್ತದೆ. ಸರಿಯಾಗಿ 2.5 ಶೇಕಡಾ ಕಪ್ಪು ಇದ್ದೂ ಪೈಪ್ ಸೋಲುವುದು ಹೀಗೆ.

ಕಪ್ಪು ಬಿಸಿಲನ್ನು ನುಂಗುತ್ತದೆ ಅಂದೆ. ನುಂಗಿದ ಬೆಳಕು ಎಲ್ಲಿ ಹೋಗುತ್ತದೆ? ಶಾಖವಾಗುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ನೆಲದ ಮೇಲೆ ಬಿದ್ದಿರುವ ಕಪ್ಪು ಶೀಟಿನ ಮೈ 60 ಡಿಗ್ರಿ ದಾಟಬಹುದು. ತಾಪಮಾನ 10 ಡಿಗ್ರಿ ಏರಿದರೆ ಆಕ್ಸಿಡೇಷನ್‌ನಂಥ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದಲ್ಲಿ ಒರಟು ಲೆಕ್ಕ. ಅಂದರೆ ಕಪ್ಪು ಪ್ಲಾಸ್ಟಿಕ್‌ಗೆ ಯುವಿ ಕಾಟ ಕಡಿಮೆ, ಶಾಖದ ಕಾಟ ಜಾಸ್ತಿ. ಶಾಖಕ್ಕೆ ಬೇಕಾಗಿರುವುದು ಆಂಟಿಆಕ್ಸಿಡೆಂಟ್. ಅದನ್ನೇ ಕಪ್ಪು ಹಿಡಿದಿಟ್ಟುಕೊಳ್ಳುವುದು. ಕೃಷಿ ಹೊಂಡದಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ, ಏರಿಯ ಮೇಲೆ ಮಡಿಸಿ ಹಾಸಿದ ಶೀಟು ಮೊದಲು ಹರಿಯುವುದು ಯಾಕೆ ಎಂದು ಇದರಿಂದ ಅರ್ಥವಾಗುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ರಾಜ್ಯದ ಒಣ ಭೂಮಿಯ ರೈತರು ಹೊಂಡ ತೋಡಿಸಿ ಪಾಲಿಥಿನ್ ಹಾಸಿದರು. ಹೊಂಡ ಇರುತ್ತದೆ, ಶೀಟು ಹೋದರೆ ನೀರು ನಿಲ್ಲುವುದಿಲ್ಲ. ಮಳೆ ಒಂದೆರಡು ಸಲ ಮಾತ್ರ ಸುರಿಯುವ ಕಡೆ ಆ ನೀರು ಇಂಗಿ ಹೋಗುವುದು ಒಂದು ಬೆಳೆಯನ್ನೇ ಕಳೆದುಕೊಂಡ ಹಾಗೆ. ಇದು ಪ್ರಯೋಗಾಲಯದ ಚರ್ಚೆ ಮಾತ್ರ ಅಲ್ಲ ಎಂದು ನಾನು ಹೇಳುವುದು ಅದಕ್ಕೇ.

ಹಾಗಾದರೆ ಪರೀಕ್ಷೆಗಳು ಏನು ಹೇಳುತ್ತವೆ? ಕಾರ್ಬನ್ ಪ್ರಮಾಣ ಅಳೆಯುವುದು ಸುಲಭ. ತುಂಡನ್ನು ಸಾರಜನಕದಲ್ಲಿ ಕಾಯಿಸಿ ಪಾಲಿಮರ್ ಓಡಿಸುವುದು, ಉಳಿದದ್ದನ್ನು ತೂಗುವುದು. ಈ ಪರೀಕ್ಷೆಗೆ ಯಾವ ಕಪ್ಪು, ಅದರ ಮೈ ಹೇಗಿದೆ ಎಂಬುದು ಗೊತ್ತಾಗುವುದಿಲ್ಲ. ಆಂಟಿಆಕ್ಸಿಡೆಂಟ್ ಇದೆಯಾ ಎಂದು ನೋಡಲು ಒಐಟಿ (ಆಕ್ಸಿಡೇಷನ್ ಶುರುವಾಗಲು ಹಿಡಿಯುವ ಸಮಯ) ಪರೀಕ್ಷೆ ಇದೆ. ಚೂರನ್ನು 200 ಡಿಗ್ರಿಯಲ್ಲಿ ಕರಗಿಸಿ, ಆಮ್ಲಜನಕ ಹಾಯಿಸಿ, ಎಷ್ಟು ನಿಮಿಷ ತಡೆಯುತ್ತದೆ ಎಂದು ನೋಡುತ್ತಾರೆ. ನೀರಿನ ಪೈಪಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4427 ಕನಿಷ್ಠ 20 ನಿಮಿಷ ಕೇಳುತ್ತದೆ. ಒಳ್ಳೆಯ ಪರೀಕ್ಷೆ, ಆದರೆ ಎರಡು ಮಿತಿ ಇದೆ. 200 ಡಿಗ್ರಿಯಲ್ಲಿ ಕಾರ್ಬನ್ನಿಗೆ ಅಂಟಿದ್ದರಲ್ಲಿ ಒಂದು ಪಾಲು ಬಿಟ್ಟುಕೊಳ್ಳುತ್ತದೆ, ತೋಟದಲ್ಲಿ 40 ಡಿಗ್ರಿಯಲ್ಲಿ ಅದು ಬಿಡುವುದಿಲ್ಲ. ಮತ್ತೆ ಹಾಲ್ಸ್ ಇಷ್ಟು ಬಿಸಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಹಾಗಾಗಿ ಈ ಪರೀಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಹೊಂಡಕ್ಕೆ, ಕಸದ ಗುಂಡಿಗೆ ಹಾಸುವ ದಪ್ಪ ಎಚ್‌ಡಿಪಿಇ ಶೀಟುಗಳಿಗೆ ಇದಕ್ಕಾಗಿಯೇ 150 ಡಿಗ್ರಿಯಲ್ಲಿ, ಹೆಚ್ಚು ಒತ್ತಡದ ಆಮ್ಲಜನಕದಲ್ಲಿ ಮಾಡುವ ಇನ್ನೊಂದು ಪರೀಕ್ಷೆ ಇದೆ. ಅದಕ್ಕಿಂತಲೂ ನಂಬಬಹುದಾದ ದಾರಿ, ತುಂಡನ್ನು ತಿಂಗಳುಗಟ್ಟಲೆ 85 ಡಿಗ್ರಿ ಓವನ್‌ನಲ್ಲಿಟ್ಟು ಆಮೇಲೆ ಎಷ್ಟು ಒಐಟಿ ಉಳಿದಿದೆ ಎಂದು ನೋಡುವುದು. ನಿಧಾನದ ಕೆಲಸ, ಖರ್ಚಿನ ಕೆಲಸ. ಆದರೂ ಸರ್ಕಾರಿ ಸಹಾಯಧನದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳುವಾಗ ಇದನ್ನು ಕೇಳುವುದು ತಪ್ಪೇನಲ್ಲ.

ನೀರಿನ ಪೈಪಿಗೆ ಇನ್ನೂ ಒಂದು ತೊಂದರೆ ಇದೆ. ನೀರಿಗೆ ಹಾಕುವ ಕ್ಲೋರಿನ್, ಅದರಲ್ಲೂ ಕ್ಲೋರಿನ್ ಡೈಆಕ್ಸೈಡ್, ಪೈಪಿನ ಒಳಗೋಡೆಯ ಆಂಟಿಆಕ್ಸಿಡೆಂಟನ್ನು ಖಾಲಿ ಮಾಡುತ್ತಾ ಬರುತ್ತದೆ. ಒಳಗೆ ಬಿಸಿಲೇ ಇಲ್ಲ, ಅಲ್ಲಿ ಕಪ್ಪಿನ ಯುವಿ ರಕ್ಷಣೆಯಿಂದ ಏನೂ ಉಪಯೋಗವಿಲ್ಲ.

ಈಗ ಈ ಹಳೆಯ ಪ್ರಶ್ನೆ ಮತ್ತೆ ಬಿಸಿಯಾಗಿದೆ. ಕಾರಣ ಹಳೆ ಟೈರ್. ಟೈರನ್ನು ಆಮ್ಲಜನಕವಿಲ್ಲದೆ ಕಾಯಿಸಿದರೆ ಎಣ್ಣೆ, ಅನಿಲ, ಉಕ್ಕಿನ ತಂತಿಯ ಜೊತೆ ಒಂದು ಕಪ್ಪು ಪುಡಿ ಉಳಿಯುತ್ತದೆ. ಅದನ್ನು ಅರೆದು, ಶುದ್ಧ ಮಾಡಿ ರಿಕವರ್ಡ್ ಕಾರ್ಬನ್ ಬ್ಲ್ಯಾಕ್ ಎಂದು ಮಾರುತ್ತಾರೆ. 2022ರಲ್ಲಿ ಭಾರತ ಸರ್ಕಾರ ಹಳೆ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿದ ಮೇಲೆ ಈ ಪುಡಿಗೆ ಮಾರುಕಟ್ಟೆ ಹುಡುಕುವ ಒತ್ತಡ ಹೆಚ್ಚಾಗಿದೆ. ಇದು ಒಳ್ಳೆಯ ದಾರಿ. ರಸ್ತೆ ಬದಿಯಲ್ಲಿ ಟೈರ್ ಸುಡುವುದಕ್ಕಿಂತ ನೂರು ಪಾಲು ವಾಸಿ. ಆದರೆ ಈ ಪುಡಿಯ ಮೈ ಹೊಸ ಪುಡಿಯ ಮೈಯಲ್ಲ. ಟೈರಿನಲ್ಲಿದ್ದ ಸಿಲಿಕಾ, ಜಿಂಕ್ ಆಕ್ಸೈಡ್ ಎಲ್ಲಾ ಬೂದಿಯಾಗಿ ಅದರಲ್ಲೇ ಉಳಿದಿರುತ್ತವೆ. ಹೊಸ ಪುಡಿಯಲ್ಲಿ ಬೂದಿ ಒಂದು ಶೇಕಡಾಕ್ಕಿಂತ ಕಡಿಮೆ, ಇದರಲ್ಲಿ 15ರಿಂದ 20 ಶೇಕಡಾ ಇರುವುದು ಸಾಮಾನ್ಯ. ಕಣದ ಮೇಲೆ ಟೈರ್ ಕಾಯಿಸಿದಾಗ ಕೂತ ಕಾರ್ಬನ್ ಪದರ ಬೇರೆ. ಒಂದು ಟೈರಿನಲ್ಲೇ ಹಲವು ದರ್ಜೆಯ ಕಪ್ಪು ಇರುವುದರಿಂದ ಕಣದ ಗಾತ್ರವೂ ಕಲಬೆರಕೆ. ಸಿಲಿಕಾದ ಮೈ ಆಮ್ಲದ್ದು, ಸ್ಟೆಬಿಲೈಸರ್ ಹಿಡಿಯುವುದರಲ್ಲಿ ಅದೂ ನಿಪುಣ. ಉಕ್ಕಿನ ತಂತಿಯಿಂದ ಬಂದ ಕಬ್ಬಿಣದ ಅಂಶ ಇದ್ದರೆ ಹೈಡ್ರೋಪೆರಾಕ್ಸೈಡ್ ಒಡೆಯುವುದನ್ನು ಅದು ಇನ್ನಷ್ಟು ಚುರುಕು ಮಾಡುತ್ತದೆ.

ಟೈರ್ ಒಳಪದರಕ್ಕೆ, ಚಪ್ಪಲಿ ಅಟ್ಟೆಗೆ, ಮ್ಯಾಟಿಗೆ ಇದನ್ನು ಹಾಕಲಿ, ಏನೂ ತೊಂದರೆ ಕಾಣುವುದಿಲ್ಲ. ಆದರೆ ಹತ್ತಾರು ವರ್ಷ ಬಾಳಬೇಕಾದ ಪೈಪ್, ಹೊಂಡದ ಶೀಟಿಗೆ ಹಾಕುವ ಮೊದಲು ಅದರ ಮೈ ಎಂಥದ್ದು ಎಂದು ನೋಡಬೇಕು. ಹೊಸ ಪುಡಿಗೆ ಬರೆದ ಮಾನದಂಡಗಳು ಇದಕ್ಕೆ ಪೂರ್ತಿ ಹೊಂದುವುದಿಲ್ಲ ಎಂದೇ ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆ 2017ರಲ್ಲಿ ಈ ಪುಡಿಗೆಂದು ಬೇರೆ ಸಮಿತಿ ಮಾಡಿತು. ಹಳೆ ಕಪ್ಪು ಪ್ಲಾಸ್ಟಿಕ್ ಕರಗಿಸಿ ಮತ್ತೆ ಬಳಸುವಾಗಲೂ ಇದೇ ತೊಡಕು. ಕಪ್ಪು ಪ್ಲಾಸ್ಟಿಕನ್ನು ವಿಂಗಡಿಸುವುದೇ ಕಷ್ಟ, ಯಾಕೆಂದರೆ ವಿಂಗಡಣೆ ಯಂತ್ರದ ಇನ್‌ಫ್ರಾರೆಡ್ ಬೆಳಕನ್ನು ಕಾರ್ಬನ್ ನುಂಗಿಬಿಡುತ್ತದೆ. ಒಳಗಿನ ಸ್ಟೆಬಿಲೈಸರ್ ಎಷ್ಟು ಖರ್ಚಾಗಿದೆ, ಎಷ್ಟು ಅಂಟಿ ಕೂತಿದೆ ಎಂಬುದು ನೋಡಿದರೆ ತಿಳಿಯುವುದಿಲ್ಲ. ಹೊಸ ಸ್ಟೆಬಿಲೈಸರ್ ಹಾಕದೆ ಸ್ವಲ್ಪ ಕಪ್ಪು ಮಾಸ್ಟರ್‌ಬ್ಯಾಚ್ ಮಾತ್ರ ಸೇರಿಸಿ ಎಳೆದರೆ ಪೈಪ್ ಹೊಸದರ ಹಾಗೇ ಹೊಳೆಯುತ್ತದೆ, ಕಾರ್ಬನ್ ಪ್ರಮಾಣದ ಪರೀಕ್ಷೆಯನ್ನೂ ಪಾಸಾಗುತ್ತದೆ.

ಹಾಗಾಗಿ ತೋಟಗಾರಿಕೆ ಇಲಾಖೆಯಾಗಲಿ, ರೈತ ಉತ್ಪಾದಕ ಸಂಘವಾಗಲಿ, ದೊಡ್ಡ ಲಾಟ್ ಕೊಳ್ಳುವವರು ಬರೀ ಕಪ್ಪಿನ ಶೇಕಡಾ ನೋಡಿ ಸಹಿ ಹಾಕಬಾರದು. ಕಪ್ಪು ಹೇಗೆ ಹರಡಿದೆ ಎಂಬ ಮೈಕ್ರೋಸ್ಕೋಪ್ ವರದಿ ಕೇಳಲಿ. ಬೂದಿ ಎಷ್ಟು ಎಂದು ಕೇಳಲಿ. ಕಾರ್ಬನ್ ತೂಗಿದ ಮೇಲೆ ಅದೇ ತುಂಡನ್ನು ಗಾಳಿಯಲ್ಲಿ ಸುಟ್ಟು ಉಳಿದದ್ದನ್ನು ತೂಗಿದರೆ ಸಾಕು, ಬೇರೆ ಯಂತ್ರ ಬೇಕಿಲ್ಲ. ಒಐಟಿಯನ್ನು ಹೊಸ ತುಂಡಿನ ಮೇಲೂ, ಓವನ್‌ನಲ್ಲಿ ಹಣ್ಣಾದ ತುಂಡಿನ ಮೇಲೂ ಕೇಳಲಿ.